ವೀರಶೈವರು ಮತ್ತು ಪ್ಯೂರಿಟನರು: ಒಂದು ಹೋಲಿಕೆಯ ಇತಿಮಿತಿ

ಆಂಗ್ಲರ ಆಳಿಕೆಯ ಕಾಲದಲ್ಲಿ ಈ ನಾಡಿನ ಜನಜೀವನವನ್ನು ಕುರಿತು ಬರೆದ ಅಧಿಕಾರಿಗಳೂ ವಿದ್ವಾಂಸರೂ ವೀರಶೈವರನ್ನು ‘ಹಿಂದೂ ಪ್ಯೂರಿಟನರು’ ಎಂದು ಕರೆದದ್ದುಂಟು. ಜಂಗಮರ ಮತ, ಆಚಾರ, ಸಾಹಿತ್ಯಗಳನ್ನು ಕುರಿತ ಸಿ. ಪಿ. ಬ್ರೌನರ ದೀರ್ಘ ಪ್ರಬಂಧ 1840ರಲ್ಲಿ ಪ್ರಕಟವಾಯಿತು. ಆ ಕಾಲದಿಂದೀಚೆಗೆ ಈ ಹೋಲಿಕೆಯು ಗ್ರಂಥದಿಂದ ಗ್ರಂಥಕ್ಕೆ ಹರಿದುಬಂದಿದೆ. ಇದು ಪ್ರಶಂಸೆಯ ಮಾತೆಂದು ಹಿಗ್ಗಿದವರಿದ್ದಾರೆ. ಪರಕೀಯರ ಅಳತೆಗೋಲೆಂದು ತಳ್ಳಿದವರೂ ಇದ್ದಾರೆ. ಬಸವಣ್ಣನವರ ಜನ್ಮಭೂಮಿಯಾದ ಬಾಗೇವಾಡಿ, ಅದರ ನೆರೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಸೀಮೆಗಳ ನಿತ್ಯಜೀವನವನ್ನು ಎದುರಿಗಿಟ್ಟುಕೊಂಡು ಈ ಹೋಲಿಕೆಯನ್ನು ಪರೀಕ್ಷಿಸುವುದು ಉಚಿತ.

ಪ್ಯೂರಿಟನರೆಂದರೆ ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಚರ್ಚಿನ ಆಡಂಬರವನ್ನು ತೊಡೆದು ಮತವನ್ನು ಪರಿಶುದ್ಧಗೊಳಿಸಬೇಕೆಂದು ಹಟ ಹಿಡಿದವರು. ಈ ಹೆಸರು ಅವರು ಇಟ್ಟುಕೊಂಡದ್ದಲ್ಲ, ವಿರೋಧಿಗಳು ಹಾಸ್ಯಕ್ಕೆ ಇಟ್ಟದ್ದು. ಅವರಲ್ಲಿ ಬಹುಸಂಖ್ಯೆಯ ಜನ 1630ರಿಂದ ಮೊದಲ್ಗೊಂಡು ಅಮೆರಿಕದ ಮ್ಯಾಸಚೂಸೆಟ್ಸಿಗೆ ಹೋಗಿ ನೆಲೆಸಿದರು. ಅವರ ಪ್ರಾರ್ಥನಾಮಂದಿರದಲ್ಲಿ ವಿಗ್ರಹವಿಲ್ಲ, ಶಿಲುಬೆಯಿಲ್ಲ. ಐವತ್ತು ಮನೆಗಳಿರುವ ಊರು ಮಕ್ಕಳಿಗೆ ಓದುಬರಹ ಕಲಿಸುವ ಉಪಾಧ್ಯಾಯನನ್ನು ನೇಮಿಸಬೇಕೆಂದು 1647ರಲ್ಲಿ ಕಾಯಿದೆ ಮಾಡಿದರು. ಪ್ರತಿಯೊಬ್ಬನೂ ಧರ್ಮಗ್ರಂಥವನ್ನು ತಾನೇ ಓದಬೇಕೆಂಬುದು ಇದರ ಉದ್ದೇಶ. ಕ್ರಿಸ್ತಜಯಂತಿಯ ಆಚರಣೆಗೆ ಶಾಸ್ತ್ರಾಧಾರವಿಲ್ಲವೆಂದು 1659ರಲ್ಲಿ ಅದನ್ನು ನಿಷೇಧಿಸಿ ದಂಡ ವಿಧಿಸಿದರು. ಆ ನಿಷೇಧ 1681ರವರೆಗೆ ನಡೆಯಿತು.

ಇನ್ನು ಡೋಣಿಯ ದಂಡೆಯ ಜೋಳದ ಸೀಮೆಗೆ ಬರೋಣ. ಅಂದಿನ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದ ಈ ನಾಲ್ಕು ತಾಲೂಕುಗಳಲ್ಲಿ ಆಚಾರವಂತ ಒಕ್ಕಲಿನ ಮನೆಯ ದಿನ ಆರಂಭವಾಗುತ್ತಿದ್ದುದು ಸ್ನಾನ, ವಿಭೂತಿಧಾರಣೆಗಳಿಂದ. ಎದೆಯ ಮೇಲಿನ ಕರಡಿಗೆಯಿಂದಲೋ ವಸ್ತ್ರದ ಗಂಟಿನಿಂದಲೋ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿರಿಸಿ, ನೀರೆರೆದು, ಪತ್ರೆಯೇರಿಸಿ ಅರ್ಚಿಸಿದ ಮೇಲೆಯೇ ರೊಟ್ಟಿ ಮುರಿಯುವುದು. ಗಂಡಸಿಗೆ ಒಂದು, ಹೆಂಗಸಿಗೆ ಒಂದು ಎಂಬ ವಿಧಿಯಿಲ್ಲ. ಸೊಸೆಯ ಕೊರಳಲ್ಲಿಯೂ ಲಿಂಗವುಂಟು. ಊಟ ಮುಗಿದ ಬಳಿಕ ತಟ್ಟೆಗೆ ನೀರು ಹಾಕಿ ತೊಳೆದು ಕುಡಿಯುವುದು ರೂಢಿ, ಏಕೆಂದರೆ ಅದು ಅನ್ನಮಾತ್ರವಲ್ಲ, ಪ್ರಸಾದ. ಮದ್ಯಮಾಂಸಗಳು ವರ್ಜ್ಯ. ಬಾಗಿಲಿಗೆ ಬಂದ ಜಂಗಮನಿಗೆ ಕೈಬೀಸಿ ಕಳುಹುವಂತಿಲ್ಲ. ವಿಗ್ರಹಾಡಂಬರದ ನಿರಾಕರಣೆ, ಮಿತಾಹಾರ, ದುಡಿಮೆಯಲ್ಲಿ ಶ್ರದ್ಧೆ ಇವಿಷ್ಟನ್ನು ಕಂಡ ಆಂಗ್ಲನಿಗೆ ತನ್ನ ಪೂರ್ವಿಕರ ನೆನಪಾದುದು ಸಹಜ.

ವಾರದ ವಿರಾಮದಲ್ಲಿ ಸಾಮ್ಯವೂ ಭೇದವೂ ಒಟ್ಟಿಗೆ ಕಾಣುತ್ತವೆ. ಪ್ಯೂರಿಟನನಿಗೆ ಭಾನುವಾರ ದುಡಿಮೆ ನಿಷಿದ್ಧ, ಉಲ್ಲಂಘಿಸಿದವನಿಗೆ ದಂಡನೆ. ಇಲ್ಲಿಯ ಒಕ್ಕಲಿಗ ಸೋಮವಾರ ನೊಗ ಹೂಡುತ್ತಿರಲಿಲ್ಲ. ಆದರೆ ಬಿಡುವು ಮನುಷ್ಯನಿಗಲ್ಲ, ಎತ್ತಿಗೆ. ಎತ್ತು ಬಸವನ ಸ್ವರೂಪವೆಂಬ ಭಾವ. ಮನುಷ್ಯನ ಕಾಯಕಕ್ಕೆ ವಾರದ ರಜೆಯನ್ನು ಶರಣರು ಹೇಳಿದವರಲ್ಲ. ದಿನ, ತಿಥಿಗಳ ಭೇದವನ್ನೇ ಅಲ್ಲಗಳೆದವರ ವಂಶಜರು ಸೋಮವಾರವನ್ನು ಉಳಿಸಿಕೊಂಡರೆಂಬುದೂ, ಸ್ಥಾವರವನ್ನು ಒಪ್ಪದವರ ಹುಟ್ಟೂರಿನಲ್ಲಿಯೇ ದೇವಾಲಯವೂ ಶ್ರಾವಣದ ಜಾತ್ರೆಯೂ ಬೆಳೆದುವೆಂಬುದೂ ಗಮನಾರ್ಹ.

ಹೋಲಿಕೆ ಮುರಿಯುವುದು ಬೇರಿನಲ್ಲಿ. ಮಾನವಸ್ವಭಾವವೇ ಪತಿತವಾದುದು, ಉದ್ಧಾರವಾಗುವ ಕೆಲವರನ್ನು ದೇವರು ಮೊದಲೇ ಆರಿಸಿದ್ದಾನೆ ಎಂಬುದು ಪ್ಯೂರಿಟನರ ನಂಬುಗೆ. ಆದುದರಿಂದ ಅವರ ಶುಚಿತ್ವದ ಹಿಂದೆ, ತಾನು ಆಯ್ಕೆಯಾದವನೋ ಅಲ್ಲವೋ ಎಂಬ ತಳಮಳ ಸದಾ ಇತ್ತು. ವೀರಶೈವನ ಶುಚಿತ್ವಕ್ಕೆ ಆ ತಳಮಳವಿಲ್ಲ. ಗರ್ಭದಲ್ಲಿರುವ ಶಿಶುವಿಗೂ ಲಿಂಗಧಾರಣೆ ಮಾಡಿಸುವ ಸಂಪ್ರದಾಯದಲ್ಲಿ ದೇಹವು ಪಾಪದ ಗೂಡಲ್ಲ, ದೇಗುಲ. ಜನನ, ಮರಣ, ರಜಸ್ಸುಗಳ ಸೂತಕ ಲಿಂಗವಂತನಿಗೆ ಇಲ್ಲವೆಂದದ್ದು ಇದರಿಂದಲೇ. ಸತ್ತಾಗಲೂ ದೇಹವನ್ನು ಸುಡದೆ, ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿರಿಸಿ ಸಮಾಧಿ ಮಾಡುವರು.

ಸ್ತ್ರೀಯರ ವಾಕ್ಕಿನ ವಿಷಯದಲ್ಲಿಯೂ ಅಂತರ ದೊಡ್ಡದು. ಮನೆಯಲ್ಲಿ ಸಭೆ ಸೇರಿಸಿ ಧರ್ಮವಿಚಾರ ಮಾಡಿದ ಆನ್ ಹಚಿನ್‌ಸನ್ ಎಂಬಾಕೆಯನ್ನು ಮ್ಯಾಸಚೂಸೆಟ್ಸಿನವರು 1638ರಲ್ಲಿ ಹೊರಗಟ್ಟಿದರು. ಕ್ವೇಕರ್ ಪಂಥದ ಮೇರಿ ಡೈಯರಳನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಅದಕ್ಕೂ ಐದು ಶತಮಾನಗಳ ಹಿಂದೆ ಕಲ್ಯಾಣದ ಶರಣೆಯರು ವಚನಕಾರ್ತಿಯರಾಗಿದ್ದರು.

ಆದರೆ ವಸಾಹತುಕಾಲದ ಹಳ್ಳಿಯನ್ನು ಹನ್ನೆರಡನೆಯ ಶತಮಾನದ ಕಲ್ಯಾಣವೆಂದು ಭ್ರಮಿಸಲಾಗದು. ದೀಕ್ಷೆಯಿಂದ ಅಳಿಯಬೇಕಿದ್ದ ಜಾತಿಭೇದ ಒಳಪಂಗಡಗಳ ರೂಪದಲ್ಲಿ ಮರಳಿ ಚಿಗುರಿತ್ತು. ಉಣ್ಣುವ, ಕೊಡುವ, ತರುವ ಸಂಬಂಧಗಳಲ್ಲಿ ಬೇಲಿಗಳೆದ್ದಿದ್ದುವು. ಒಂದು ಅಂಶದಲ್ಲಂತೂ ಪ್ಯೂರಿಟನನೇ ಮುಂದಿದ್ದನೆಂದು ಒಪ್ಪಬೇಕು. ಅವನ ಮನೆಯಲ್ಲಿ ಗ್ರಂಥವನ್ನು ಪ್ರತಿದಿನ ಬಿಡಿಸಿ ಓದುತ್ತಿದ್ದರು. ಇಲ್ಲಿ ವಚನಗಳ ತಾಡವೋಲೆಯ ಕಟ್ಟುಗಳು ಎಷ್ಟೋ ಮನೆ, ಮಠಗಳ ಜಗಲಿಯ ಮೇಲೆ ವಸ್ತ್ರ ಸುತ್ತಿಸಿಕೊಂಡು, ವಿಭೂತಿ ಹಚ್ಚಿಸಿಕೊಂಡು ಪೂಜೆಗೊಳ್ಳುತ್ತಿದ್ದುವು, ಓದುವವರಿರಲಿಲ್ಲ. ಅರಿವನ್ನೇ ಗುರುವೆಂದವರ ಮಾತುಗಳು ಪೂಜೆಯ ವಸ್ತುವಾಗಿ ಮೌನ ತಾಳಿದ್ದುವು.

ಧಾರವಾಡದಲ್ಲಿ 1880ರಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು 1904ರಲ್ಲಿ ವಕೀಲಿ ವೃತ್ತಿಗಾಗಿ ವಿಜಾಪುರಕ್ಕೆ ಬಂದರು. ಕಕ್ಷಿಗಾರರ ಕಾಗದಪತ್ರಗಳ ನಡುವೆ ಅವರ ಗಮನ ಈ ಓಲೆಗಳ ಕಡೆಗೆ ತಿರುಗಿತು. ಊರೂರು ತಿರುಗಿ ಅವುಗಳನ್ನು ಸಂಗ್ರಹಿಸಿ, ಪಾಠಗಳನ್ನು ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಮುದ್ರಣಕ್ಕೆ ಪರರನ್ನು ಕಾಯುವುದು ಬೇಡವೆಂದು ಸ್ವಂತ ಮನೆಯನ್ನು ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಲ್ಲಿಂದ ಹೊರಟ ಅಚ್ಚಿನ ಹಾಳೆಗಳಲ್ಲಿ, ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಕುಳಿತಿದ್ದ ವಚನಗಳನ್ನು ಜನರು ಓದತೊಡಗಿದರು.