ಕೆರೆಯ ಏರಿ ಮತ್ತು ಅದರ ಭದ್ರತೆಯ ಅಳತೆ: ಸಾಗರ, ಹೊಸನಗರ, ತೀರ್ಥಹಳ್ಳಿ ಪರಿಸರದ ಒಂದು ಜಾನಪದ ನೋಟ

ಕರ್ನಾಟಕದ ಕೆರೆಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಬಯಲುಸೀಮೆಯನ್ನು ಆಧರಿಸಿದವು. ಅಲ್ಲಿನ ಪ್ರಶ್ನೆ ನೀರು ಬರುವುದೇ ಎಂಬುದು. ಮಲೆನಾಡಿನಲ್ಲಿ ಪ್ರಶ್ನೆ ತಿರುವುಮುರುವಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ ೭೦೦೦ ಮಿಲಿಮೀಟರಿನ ಆಸುಪಾಸಿನದು. ಹೊಸನಗರ ತಾಲ್ಲೂಕಿನ ಹುಲಿಕಲ್ ಅದಕ್ಕೆ ಸರಿಸಾಟಿ. ಇಂತಹ ಕಡೆ ಕಣಿವೆಯ ತಲೆಯಲ್ಲಿ ಕಟ್ಟಿದ ಕೆರೆ ಬೇಸಿಗೆಗೆ ನೀರನ್ನು ಉಳಿಸುವುದರ ಜೊತೆಗೆ, ಗುಡ್ಡದಿಂದ ಒಮ್ಮೆಲೇ ಇಳಿಯುವ ನೀರನ್ನು ತಡೆದು, ಕೆಳಗಿನ ಗದ್ದೆ ತೋಟಗಳಿಗೆ ಹದವಾಗಿ ಬಿಡುವ ಕೆಲಸವನ್ನೂ ಮಾಡುತ್ತದೆ. ಇಲ್ಲಿನ ಕೆರೆಯ ಏರಿ ಚಿಕ್ಕದೊಂದು ಮಣ್ಣಿನ ಅಣೆಕಟ್ಟೇ ಸರಿ. ಅದರ ಭದ್ರತೆಯನ್ನು ಯಾರು, ಹೇಗೆ ಅಳೆಯುತ್ತಾರೆ ಎಂಬುದು ಪ್ರಸ್ತುತ ಲೇಖನದ ವಿಷಯ.

ಏರಿ, ತೂಬು, ಕೋಡಿ ಇವು ಕೆರೆಯ ಮೂರು ಅಂಗಗಳು. ಇವುಗಳಲ್ಲಿ ಕೋಡಿಯೇ ಏರಿಯ ಪ್ರಾಣ. ಕಲ್ಲಿನ ಕಟ್ಟಡದ ಮೇಲೆ ನೀರು ಹರಿದರೆ ಅದು ಸ್ವಲ್ಪಕಾಲ ತಡೆಯಬಹುದು. ಮಣ್ಣಿನ ಏರಿಯ ತಲೆಯ ಮೇಲೆ ಹರಿದರೆ ಹಿಂಬದಿಯ ಮಣ್ಣನ್ನು ಕೊರೆದುಕೊಂಡೇ ಇಳಿಯುತ್ತದೆ. ಆದ್ದರಿಂದ ಕೋಡಿಯ ಮಟ್ಟಕ್ಕೂ ಏರಿಯ ತಲೆಗೂ ಇರುವ ಅಂತರವನ್ನು ಕಾಯ್ದುಕೊಳ್ಳುವುದು ಮೊದಲ ನಿಯಮ. ಮೀನು ತಪ್ಪಿಹೋಗದಿರಲೆಂದು ಕೋಡಿಗೆ ಬಲೆ ಕಟ್ಟುವವರು, ಬೇಸಿಗೆಗೆ ಒಂದು ಮೊಳ ನೀರು ಹೆಚ್ಚು ನಿಲ್ಲಲಿ ಎಂದು ಮರಳಿನ ಚೀಲ ಇಡುವವರು ಈ ಅಂತರವನ್ನೇ ಕಬಳಿಸುತ್ತಿರುತ್ತಾರೆ. ಬಲೆಗೆ ಸೊಪ್ಪುಸದೆ ಸಿಕ್ಕಿಕೊಂಡರೆ ಒಂದು ರಾತ್ರಿಯ ಮಳೆ ಸಾಕು.

ಎರಡನೆಯ ಅಪಾಯ ಕಣ್ಣಿಗೆ ಕಾಣದ್ದು. ಏಡಿಯ ಬಿಲ, ಹೆಗ್ಗಣದ ಬಿಲ, ಕೊಳೆತ ಬೇರಿನ ಪೊಟರೆ ಇವುಗಳ ಮೂಲಕ ನೀರು ಏರಿಯ ಒಳಗೇ ದಾರಿ ಮಾಡಿಕೊಳ್ಳುತ್ತದೆ. ಹೊಸನಗರ ತಾಲ್ಲೂಕಿನ ಹಿರಿಯ ಕೃಷಿಕರೊಬ್ಬರು ಏರಿಯ ಹಿಂಬದಿಯ ಬುಡದಲ್ಲಿ ಜಿನುಗುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದ್ದನ್ನು ನಾನು ಕಂಡಿದ್ದೇನೆ. ನೀರು ತಿಳಿಯಾಗಿದ್ದರೆ ಏರಿ ಬೆವರುತ್ತಿದೆ, ಕೆಂಪಾಗಿದ್ದರೆ ಏರಿ ಕರಗುತ್ತಿದೆ ಎಂಬುದು ಅವರ ಲೆಕ್ಕ. ಎಂಜಿನಿಯರುಗಳ ಪರಿಶೀಲನೆಯಲ್ಲಿಯೂ ಇದೇ ಲಕ್ಷಣಕ್ಕೆ ಮಹತ್ವವಿದೆ: ಸೋರಿಕೆ ಇದೆಯೇ ಎಂಬುದಷ್ಟೇ ಅಲ್ಲ, ಸೋರಿಕೆ ಮಣ್ಣನ್ನು ಹೊತ್ತು ತರುತ್ತಿದೆಯೇ ಎಂಬುದನ್ನೂ ನೋಡಬೇಕು.

ಆದರೆ ಜನಪದರ ಆಚರಣೆ ಎಲ್ಲೆಡೆಯೂ ಏರಿಗೆ ಹಿತವೆಂದು ಹೇಳಲಾಗದು. ಏರಿಯ ಮೇಲೆ ಎದ್ದ ಹುತ್ತ ಪೂಜೆಗೆ ಪಾತ್ರವಾಗುತ್ತದೆ, ಅದನ್ನು ಅಗೆಯುವಂತಿಲ್ಲ. ಚೌಡಿಯ ನೆಲೆಯಾದ ಮರವನ್ನು ಕಡಿಯುವಂತಿಲ್ಲ. ಎಂಜಿನಿಯರಿನ ದೃಷ್ಟಿಯಲ್ಲಿ ಹುತ್ತವೆಂದರೆ ಏರಿಯೊಳಗಿನ ಟೊಳ್ಳು, ಹೆಮ್ಮರವೆಂದರೆ ಮುಂದೊಂದು ದಿನ ಕೊಳೆಯಲಿರುವ ಬೇರು. ನಮ್ಮ ಕ್ಷೇತ್ರದವರು ಇಂತಹ ಎಡೆಯಲ್ಲಿ ಜನಪದ ಜ್ಞಾನವೇ ಮೇಲೆಂದು ಬರೆದು ಮುಗಿಸುವ ರೂಢಿಯಿದೆ, ಅದು ಸರಿಯಲ್ಲ. ಹಾಗೆಂದು ಆಚರಣೆಯನ್ನು ತಳ್ಳಿಹಾಕುವುದೂ ಆಗದು. ಚೌಡಿಗೆ ಹಣ್ಣುಕಾಯಿ ಮಾಡಲು, ತುಂಬಿದ ಕೆರೆಗೆ ಬಾಗಿನ ಬಿಡಲು ಊರವರು ಏರಿಯ ಮೇಲೆ ನಡೆದು ಹೋಗುತ್ತಾರಲ್ಲ, ಆ ನಡಿಗೆಯೇ ಒಂದು ತಪಾಸಣೆ.

ಸರ್ಕಾರಿ ಪದ್ಧತಿಯಲ್ಲಿ ಅಣೆಕಟ್ಟನ್ನು ಮಳೆಗಾಲದ ಮೊದಲು ಮತ್ತು ನಂತರ ಪರಿಶೀಲಿಸಿ, ಕಂಡ ದೋಷಗಳನ್ನು ಮೂರು ವರ್ಗಗಳಲ್ಲಿ ಗುರುತಿಸುತ್ತಾರೆ. ಕಟ್ಟೆ ಒಡೆಯಲು ಕಾರಣವಾಗಬಲ್ಲ ದೋಷ ಒಂದನೆಯದು. ಬೇಗನೆ ಸರಿಪಡಿಸಬೇಕಾದ ದೊಡ್ಡ ದೋಷ ಎರಡನೆಯದು. ವರ್ಷದೊಳಗೆ ಸರಿಪಡಿಸಬಹುದಾದ ಸಣ್ಣಪುಟ್ಟದ್ದು ಮೂರನೆಯದು. ಅಮೆರಿಕದಲ್ಲಿ ಕಟ್ಟೆಯ ಸ್ಥಿತಿಗೆ ಒಂದು ದರ್ಜೆ, ಅದು ಒಡೆದರೆ ಕೆಳಗೆ ಆಗಬಹುದಾದ ಹಾನಿಗೆ ಬೇರೊಂದು ದರ್ಜೆ ಕೊಡುವ ಕ್ರಮವಿದೆ. ಹೆಚ್ಚು ಅಪಾಯದ ದರ್ಜೆ ಎಂದಾಕ್ಷಣ ಕಟ್ಟೆ ದುರ್ಬಲವೆಂದು ಅರ್ಥವಲ್ಲ. ಅದರ ಕೆಳಗೆ ಜನರಿದ್ದಾರೆ ಎಂದಷ್ಟೇ ಅರ್ಥ. ಈ ಭೇದ ನಮ್ಮ ಪರಿಸರಕ್ಕೆ ತುಂಬ ಮುಖ್ಯ. ಗದ್ದೆಯಿದ್ದ ಜಾಗದಲ್ಲಿ ಮನೆಗಳೆದ್ದರೆ, ಏರಿಯ ಒಂದು ಹೆಂಟೆಯೂ ಕದಲದೆ ಅದರ ದರ್ಜೆ ಬದಲಾಗಿಬಿಡುತ್ತದೆ.

ತಪಾಸಣೆಯ ವರದಿ ತಂದವನ ಕಥೆಯೂ ನಮ್ಮಲ್ಲಿದೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಬಳಿಯಿರುವ ಅಯ್ಯನಕೆರೆಯ ಐತಿಹ್ಯದಂತೆ, ಕೆರೆ ಒಡೆಯಲಿದೆ ಎಂಬ ಸಂಗತಿ ಕಾವಲುಗಾರ ಹೊನ್ನಬಿಲ್ಲನಿಗೆ ದೇವತೆಯಿಂದಲೇ ತಿಳಿಯುತ್ತದೆ. ಅರಸನಿಗೆ ತಿಳಿಸಿ ಬರುವವರೆಗೆ ಕಾಯಬೇಕೆಂದು ಅವನು ಮಾತು ಪಡೆಯುತ್ತಾನೆ. ಅವನು ಮರಳದಿದ್ದರೆ ಕೆರೆ ಒಡೆಯದೆಂದು ಎಣಿಸಿದ ಅರಸ ಅವನನ್ನು ಕೊಲ್ಲಿಸುತ್ತಾನೆ. ಇದನ್ನು ‘ಕೆರೆಗೆ ಹಾರ’ದ ಜೊತೆ ಸೇರಿಸಿ ಬಲಿದಾನದ ಕಥೆಯೆಂದು ವರ್ಗೀಕರಿಸುವುದುಂಟು. ಆದರೆ ಭಾಗೀರಥಿ ಹಾರವಾದದ್ದು ಬಾರದ ನೀರಿಗಾಗಿ. ಹೊನ್ನಬಿಲ್ಲ ಸತ್ತದ್ದು ತುಂಬಿದ ಕೆರೆಯ ಸುದ್ದಿ ತಂದದ್ದಕ್ಕಾಗಿ. ಎರಡನ್ನೂ ಒಂದೇ ಆಶಯವೆಂದು ಕಾಣುವುದು ನನಗೆ ಒಪ್ಪಿಗೆಯಿಲ್ಲ.

೨೦೧೯ರ ಜುಲೈ ೨ರ ರಾತ್ರಿ ಇದೇ ಸಹ್ಯಾದ್ರಿ ಸಾಲಿನಲ್ಲಿ, ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಮಣ್ಣಿನ ಕಟ್ಟೆಯೊಂದು ಒಡೆದು ಕೆಳಗಿನ ಜನವಸತಿ ಕೊಚ್ಚಿಹೋಯಿತು. ಸೋರಿಕೆಯ ಬಗ್ಗೆ ಮೊದಲೇ ದೂರು ಕೊಟ್ಟಿದ್ದೆವೆಂದು ಊರವರು ಹೇಳಿದರು. ಏಡಿಗಳು ಕಾರಣವೆಂದು ಅಲ್ಲಿನ ಸಚಿವರೊಬ್ಬರು ಹೇಳಿದ ಮಾತು ದೇಶದಾದ್ಯಂತ ನಗೆಗೆ ಈಡಾಯಿತು. ಏಡಿಯ ಬಿಲ ಏರಿಗೆ ಕೇಡೆಂಬುದು ಮಲೆನಾಡಿಗರಿಗೆ ನಗುವ ಸಂಗತಿಯಲ್ಲ. ದೂರನ್ನು ಯಾರು ಕೇಳಿಸಿಕೊಂಡರು ಎಂಬುದೇ ಕೇಳಬೇಕಾದ ಪ್ರಶ್ನೆ.

೨೦೨೧ರ ಅಣೆಕಟ್ಟು ಸುರಕ್ಷತಾ ಕಾಯ್ದೆ ೧೫ ಮೀಟರಿಗಿಂತ ಎತ್ತರದವನ್ನೂ, ಉದ್ದ, ಸಂಗ್ರಹ ಮೊದಲಾದ ನಿರ್ದಿಷ್ಟ ಲಕ್ಷಣಗಳುಳ್ಳ ೧೦ರಿಂದ ೧೫ ಮೀಟರ್ ಎತ್ತರದವನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಳ್ಳುತ್ತದೆ. ಸಾಗರದ ಲಿಂಗನಮಕ್ಕಿಗೆ, ಹೊಸನಗರದ ಮಾಣಿಗೆ ಪರಿಶೀಲನೆಯ ವ್ಯವಸ್ಥೆಯಿದೆ. ಎರಡಾಳೆತ್ತರದ ಏರಿಯ ಊರಕೆರೆ ಆ ಲೆಕ್ಕಕ್ಕೆ ಬಾರದು. ಸದಾಶಿವ ನಾಯಕನ ಹೆಸರಿನ ‘ಸದಾಶಿವ ಸಾಗರ’, ಇಂದಿನ ಗಣಪತಿ ಕೆರೆ, ಸಾಗರ ಪಟ್ಟಣಕ್ಕೆ ಹೆಸರನ್ನೇ ಕೊಟ್ಟಿತೆಂಬ ಪ್ರತೀತಿಯಿದೆ. ಅಂತಹ ಕೆರೆಗೆ ಊರಿನ ಕಣ್ಣಾದರೂ ಇದೆ. ಕಾಡಂಚಿನ ಕೆರೆಗೆ ಅದೂ ಇಲ್ಲ. ಬೊಗಸೆಯಲ್ಲಿ ನೀರು ಹಿಡಿದು ನೋಡಿದ ಆ ಹಿರಿಯರ ಮಕ್ಕಳು ಈಗ ಬೆಂಗಳೂರಿನಲ್ಲಿದ್ದಾರೆ. ಮಳೆಗಾಲದಲ್ಲಿ ಏರಿಯ ಹಿಂಬದಿಗೆ ಇಳಿಯಲು ಅವರಿಗೆ ಕಾಲು ಸಾಗುವುದಿಲ್ಲ; ಕಳೆದ ಸಲ ಹೋದಾಗ, ನೀರಿನ ಬಣ್ಣ ನೋಡಿ ಬರುವಂತೆ ನನ್ನನ್ನೇ ಕಳುಹಿಸಿದರು.