ಎತ್ತರವೋ, ಹುಳಿಯೋ?

ಬೆಂಗಳೂರಿನ ಕಲ್ಯಾಣ ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಬಾಬಾಬುಡನ್ ಸಾಲಿನ ಮುಳ್ಳಯ್ಯನಗಿರಿ 1,930 ಮೀಟರ್. ಸಾವಿರ ಮೀಟರ್ ಏರಿದರೆ ಗಾಳಿ ಆರು ಡಿಗ್ರಿಯಷ್ಟು ತಣ್ಣಗಾಗುತ್ತದೆ, ಮರಗಳು ಕುಳ್ಳಾಗುತ್ತವೆ. ಮಣ್ಣಿನೊಳಗಿನ ಬ್ಯಾಕ್ಟೀರಿಯಾಗಳೂ ಹೀಗೆಯೇ ಎತ್ತರಕ್ಕೆ ತಲೆಬಾಗುತ್ತವೆಯೇ?

ಇದನ್ನು ಪರೀಕ್ಷಿಸಲು ಜ್ವಾಲಾಮುಖಿ ಪರ್ವತ ಹೇಳಿಮಾಡಿಸಿದ ಜಾಗ. ಬುಡದಿಂದ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ಜಾತಿಯ ಕಲ್ಲು ಇರುವುದರಿಂದ ವ್ಯತ್ಯಾಸದ ಹೊಣೆಯನ್ನು ಕಲ್ಲಿನ ಮೇಲೆ ಹಾಕುವಂತಿಲ್ಲ. ಜಪಾನಿನ ಫ್ಯೂಜಿಯಲ್ಲಿ ಮಣ್ಣಿನ ಡಿಎನ್‌ಎ ಓದಿದವರಿಗೆ ಬ್ಯಾಕ್ಟೀರಿಯಾ ವೈವಿಧ್ಯ ಅತಿ ಹೆಚ್ಚು ಕಂಡದ್ದು ಬುಡದಲ್ಲಲ್ಲ, ನಡು ಎತ್ತರದಲ್ಲಿ. ಅದು 2012ರ ವರದಿ. ಮರುವರ್ಷ ಚೀನಾ–ಕೊರಿಯಾ ಗಡಿಯ ಚಾಂಗ್‌ಬಾಯ್ ಜ್ವಾಲಾಮುಖಿಯಿಂದ ಬಂದ ಉತ್ತರ ಇನ್ನೂ ಸ್ವಾರಸ್ಯಕರ: ಯಾವ ಬ್ಯಾಕ್ಟೀರಿಯಾ ಎಲ್ಲಿ ನೆಲೆಸಬೇಕೆಂದು ಮುಖ್ಯವಾಗಿ ನಿರ್ಧರಿಸಿದ್ದು ಮಣ್ಣಿನ ಪಿಎಚ್, ಅಂದರೆ ಹುಳಿಯ ಅಳತೆ.

ಪಿಎಚ್ ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟಾಗುತ್ತವೆ. ಅವನ್ನು ಹೊರದಬ್ಬುವುದರಲ್ಲೇ ಜೀವಕೋಶದ ಶಕ್ತಿ ಸೋರುತ್ತದೆ. ಹುಳಿಮಣ್ಣಿನಲ್ಲಿ ಕರಗುವ ಅಲ್ಯೂಮಿನಿಯಂ ವಿಷವೂ ಜೊತೆಗೂಡುತ್ತದೆ. ಆಸಿಡೋಬ್ಯಾಕ್ಟೀರಿಯಾದಂಥ ಗುಂಪಿನ ಹಲವು ಸದಸ್ಯರಿಗೆ ಮಾತ್ರ ಅದೇ ಹಿತ. ಎತ್ತರ ಕೆಲಸ ಮಾಡುವುದು ಬಹುಪಾಲು ಹಿಂಬಾಗಿಲಿನಿಂದ: ಮಳೆ ಹೆಚ್ಚಿ ಸುಣ್ಣದಂಶ ತೊಳೆದುಹೋಗುತ್ತದೆ, ಚಳಿಗೆ ತರಗೆಲೆ ನಿಧಾನವಾಗಿ ಕೊಳೆಯುತ್ತದೆ, ಹೀಗೆ ಮಣ್ಣಿನ ಹುಳಿ ಬದಲಾಗುತ್ತದೆ. ಹುಳಿಯ ಈ ಪ್ರಭಾವ ಕಾಣಲು ನಗರದಲ್ಲಿ ಬೆಟ್ಟ ಹತ್ತುವ ಕಷ್ಟವೂ ಬೇಡ. ಗಾರೆ, ಸಿಮೆಂಟಿನ ಚೂರು ಬೆರೆತ ಬಡಾವಣೆಯ ಮಣ್ಣು ಕ್ಷಾರದ ಕಡೆಗೆ ವಾಲುತ್ತದೆ, ಅದರೊಳಗಿನ ಜನಸಂಖ್ಯೆಯೂ ಬದಲಾಗುತ್ತದೆ.

ಇದಕ್ಕೂ ಮಿತಿಯುಂಟು. ಆಂಡೀಸ್‌ನ 6,739 ಮೀಟರ್ ಎತ್ತರದ ಯುಯಾಯಾಕೊ ಜ್ವಾಲಾಮುಖಿಯ ನೆತ್ತಿಯಲ್ಲಿ ಒಣಗಾಳಿ, ಹಿಮ, ಅತಿನೇರಳೆ ಕಿರಣ ಸೇರಿ ಬಹುತೇಕ ಎಲ್ಲವನ್ನೂ ಸೋಸಿಬಿಡುತ್ತವೆ. ಅಲ್ಲಿ ಎತ್ತರವೇ ದೊರೆ.

ಮತ್ತೆ ನಮ್ಮ ಬೆಟ್ಟಕ್ಕೆ ಬಂದರೆ, ಮುಳ್ಳಯ್ಯನಗಿರಿ ಆರಿದ ಜ್ವಾಲಾಮುಖಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಮಾರು 270 ಕೋಟಿ ವರ್ಷ ಮತ್ತು ಅದಕ್ಕೂ ಹಳೆಯ ಲಾವಾ ಪದರಗಳು ಆ ಸಾಲಿನಲ್ಲಿವೆ, ನಿಜ. ಆದರೆ ಬೆಟ್ಟದ ಇಂದಿನ ಆಕಾರ ಸವೆತದ ಕೊಡುಗೆ, ಲಾವಾ ಉಗುಳಿದ ಶಂಕುವಿನದಲ್ಲ. ಅದರ ಇಳಿಜಾರಿನ ಕಾಫಿ ಬೆಳೆಗಾರರು ಹುಳಿಮಣ್ಣಿಗೆ ಸುಣ್ಣವನ್ನೋ ಡಾಲಮೈಟನ್ನೋ ಎರಚಿ ಪಿಎಚ್ ಅನ್ನು 6ರ ಆಸುಪಾಸಿಗೆ ತರುತ್ತಾರೆ. ಬೇಲಿಯ ಆಚೆಯ ಶೋಲಾ ಕಾಡಿಗೂ ಈಚೆಯ ತೋಟಕ್ಕೂ ಎತ್ತರ ಒಂದೇ, ಮಳೆಯೂ ಒಂದೇ. ಎರಡೂ ಕಡೆಯ ಹಿಡಿಮಣ್ಣನ್ನು ಡಿಎನ್‌ಎ ಪರೀಕ್ಷೆಗೆ ಕೊಟ್ಟರೆ ಅಷ್ಟು ಸಮೀಪದ ನೆರೆಹೊರೆಯೆಂದು ಹೇಳುವುದು ಕಷ್ಟ.