ನಿಮಗಿದು ಗೊತ್ತೇ? ಮೀನಿನ ಶೆಡ್ಡಿನ ಗಾಳಿಯಲ್ಲಿ ಏನೇನಿದೆ!

● ಶೆಡ್ಡಿನೊಳಗೆ ತೊಟ್ಟಿ ಇಟ್ಟು ಮೀನು ಸಾಕುವವರು ಮೀನಿನ ಜೊತೆಗೆ ಬ್ಯಾಕ್ಟೀರಿಯಾವನ್ನೂ ಸಾಕಲೇಬೇಕು. ಮೀನು ಹೊರಹಾಕುವ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿ ಬದಲಿಸುವುದು ಅವೇ. ಬ್ಯಾಕ್ಟೀರಿಯಾವನ್ನು ನೀರಿನಲ್ಲೇ ಮುದ್ದೆಮುದ್ದೆಯಾಗಿ ಬೆಳೆಸುವ ಬಯೋಫ್ಲಾಕ್ ತೊಟ್ಟಿಯಲ್ಲಂತೂ ಅಮೋನಿಯಾ ಹೀರುವ ಬೇರೆ ಬಗೆಯ ಬ್ಯಾಕ್ಟೀರಿಯಾದ ಹೊಟ್ಟೆ ತುಂಬಿಸಲೆಂದೇ ಬೆಲ್ಲ ಕರಗಿಸಿ ಸುರಿಯುತ್ತಾರೆ.

● ನೀರಲ್ಲಿದ್ದದ್ದು ಗಾಳಿಗೆ ಏರುವುದು ಗುಳ್ಳೆಯ ಬೆನ್ನೇರಿ. ಹಗಲೂ ರಾತ್ರಿ ಓಡುವ ಬ್ಲೋವರ್ ತೊಟ್ಟಿಯ ತಳಕ್ಕೆ ಗಾಳಿ ಊದುತ್ತದೆ. ಮೇಲೇಳುವ ಗುಳ್ಳೆ ದಾರಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಮೈಗೆ ಮೆತ್ತಿಕೊಂಡು ಬರುತ್ತದೆ. ನೀರಿನ ಮೇಲೆ ಅದು ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಸಿಡಿಯುತ್ತವೆ. ಆ ಹನಿಗಳಲ್ಲಿ ಬ್ಯಾಕ್ಟೀರಿಯಾದ ಸಾಂದ್ರತೆ ಕೆಳಗಿನ ನೀರಿಗಿಂತ 10ರಿಂದ 1000 ಪಟ್ಟು ಹೆಚ್ಚಿರಬಹುದು ಎಂದು 1970ರಲ್ಲೇ ಬ್ಲಾಂಚರ್ಡ್ ಮತ್ತು ಸಿಜ್ಡೆಕ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಹನಿ ಒಣಗಿದರೂ ಉಳಿದ ಕಣ ಮುಚ್ಚಿದ ಶೆಡ್ಡಿನಲ್ಲಿ ತೇಲುತ್ತಲೇ ಇರುತ್ತದೆ. ಪ್ರೆಶರ್ ಪಂಪು ಹಿಡಿದು ತೊಟ್ಟಿ ತೊಳೆಯುವಾಗ ಇಂಥ ಹನಿಗಳು ಇನ್ನೂ ಹೆಚ್ಚು.

● ಸತ್ತ ಬ್ಯಾಕ್ಟೀರಿಯಾವೂ ಸುಮ್ಮನಿರುವುದಿಲ್ಲ! ಕೆಲವು ಜಾತಿಗಳ ಹೊರಪದರದಲ್ಲಿರುವ ಎಂಡೋಟಾಕ್ಸಿನ್ ಶ್ವಾಸಕೋಶಕ್ಕೆ ಹೋದರೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು, ಎದೆ ಬಿಗಿತ. ಮರುದಿನ ಇಳಿದುಬಿಡುವುದರಿಂದ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಕೆಲಸದ ಜಾಗದ ಗಾಳಿಯಲ್ಲಿ ಎಂಡೋಟಾಕ್ಸಿನ್ ಘನ ಮೀಟರಿಗೆ 90 ಎಂಡೋಟಾಕ್ಸಿನ್ ಘಟಕ (ಇಯು) ಮೀರಬಾರದೆಂದು ನೆದರ್‌ಲೆಂಡ್ಸ್‌ನ ಆರೋಗ್ಯ ಮಂಡಳಿ 2010ರಲ್ಲಿ ಶಿಫಾರಸು ಮಾಡಿತು. ನೀರಿನ ಅಮೋನಿಯಾವನ್ನು ತಪ್ಪದೆ ಅಳೆಯುವ ನಾವು, ಅಲ್ಲೇ ದುಡಿಯುವವರು ಉಸಿರಾಡುವ ಗಾಳಿಯನ್ನು ಏಕೆ ಅಳೆಯಬಾರದು?

● ಮೀನಿಲ್ಲದ ಕಡೆಯೂ ಇಂಥ ಹನಿಗಳು ಕಾಡಿದ್ದುಂಟು. ಅಮೆರಿಕದ ಕೊಲರಾಡೋದ ಒಂದು ಒಳಾಂಗಣ ಈಜುಕೊಳದ ಜೀವರಕ್ಷಕರಿಗೆ ಶ್ವಾಸಕೋಶದ ಕಾಯಿಲೆ ಬಂತು. ಅಲ್ಲಿ ಮೀನಿರಲಿಲ್ಲ, ಇದ್ದದ್ದು ನೀರು ಚಿಮ್ಮುವ ಕಾರಂಜಿಗಳು. 1998ರಲ್ಲಿ ವರದಿಯಾದ ಈ ಕಾಯಿಲೆಗೆ ‘ಲೈಫ್‌ಗಾರ್ಡ್ ಲಂಗ್’ ಎಂದೇ ಹೆಸರಾಯಿತು.

● ಉಪ್ಪುನೀರಿನ ತೊಟ್ಟಿಯ ತಳದಲ್ಲಿ ರಾಡಿ ಕೂತು ಆಮ್ಲಜನಕ ತಲುಪದಿದ್ದರೆ, ಅಲ್ಲಿನ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುತ್ತವೆ. ಇದರದು ಕೊಳೆತ ಮೊಟ್ಟೆಯ ವಾಸನೆ. ಆದರೆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 100 ಭಾಗ ತಲುಪಿದರೆ ಮೂಗೇ ಮರಗಟ್ಟುತ್ತದೆ. ‘ವಾಸನೆ ಹೋಯಿತು’ ಎಂದುಕೊಂಡು ರಾಡಿ ತೆಗೆಯಲು ಇಳಿದವರ ಜೀವಕ್ಕೇ ಅಪಾಯ. ದೂಳಿನ ಮಾಸ್ಕ್ ಈ ಅನಿಲವನ್ನು ತಡೆಯುವುದಿಲ್ಲ. ಅಲಾರಂ ಇರುವ ಅನಿಲ ಮಾಪಕ ಬೇಕೇ ಬೇಕು.

● ಎಲ್ಲ ಸೋಂಕೂ ಗಾಳಿಯಲ್ಲಿ ಬರುವುದಿಲ್ಲ. 1995-96ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹಸಿ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ಸ್ವಚ್ಛಮಾಡಿದವರ ಕೈಗೆ ಸ್ಟ್ರೆಪ್ಟೊಕಾಕಸ್ ಇನಿಯೇ ಎಂಬ ಬ್ಯಾಕ್ಟೀರಿಯಾದ ಸೋಂಕು ಹತ್ತಿತು. ದಾರಿ ಮಾಡಿಕೊಟ್ಟದ್ದು ಮುಳ್ಳು ಚುಚ್ಚಿದ, ಚಾಕು ತಾಗಿದ ಸಣ್ಣ ಗಾಯ.

● 1926ರಲ್ಲಿ ಫಿಲಡೆಲ್ಫಿಯಾದ ಅಕ್ವೇರಿಯಂ ಮೀನುಗಳಲ್ಲಿ ಸಿಕ್ಕ ಮೈಕೊಬ್ಯಾಕ್ಟೀರಿಯಂ ಮರೈನಮ್ ಕ್ಷಯದ ರೋಗಾಣುವಿನ ಬಂಧು. ಬೆರಳಲ್ಲಿ, ಮುಂಗೈಯಲ್ಲಿ ಬೇಗ ವಾಸಿಯಾಗದ ಗಂಟು ಎಬ್ಬಿಸುತ್ತದೆ. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ಇದು ಚೆನ್ನಾಗಿ ಬೆಳೆಯುವುದು 30ರಿಂದ 33 ಡಿಗ್ರಿಯಲ್ಲಿ. ಪ್ರಯೋಗಾಲಯದವರು ಎಂದಿನಂತೆ 37 ಡಿಗ್ರಿಯಲ್ಲಿಟ್ಟರೆ ಕಾಣಿಸಿಕೊಳ್ಳದೆಯೂ ಹೋಗಬಹುದು. ಹಾಗಾಗಿ ಗಂಟು ತೋರಿಸಲು ಹೋದಾಗ, ಡಾಕ್ಟರು ಕೇಳದಿದ್ದರೂ, ಮೀನಿನ ತೊಟ್ಟಿಯಲ್ಲಿ ಕೈಯಾಡಿಸುವ ಕೆಲಸ ನಿಮ್ಮದು ಎಂದು ಮೊದಲೇ ಹೇಳಿಬಿಡಿ.